ಡೀಲರ್‌ಗೆ ಫೋಟೊ ಹೋಗುವ ಮೊದಲೇ ಡಿಸೈನ್ ಅರ್ಜಿ ಹೋಗಲಿ

ಬೆಳಗಾವಿಯ ಉದ್ಯಮಬಾಗದ ವರ್ಕ್‌ಶಾಪಿನವರು ಡಿಸೈನ್ ನೋಂದಣಿಗೆ, ಅಂದರೆ ಮಾಲಿನ ಹೊರರೂಪವನ್ನು ಬೇರೆಯವರು ನಕಲು ಮಾಡದಂತೆ ಕಾಯ್ದಿಟ್ಟುಕೊಳ್ಳಲು, ಬಂದರೆ ನಮ್ಮ ಮೊದಲ ಪ್ರಶ್ನೆ ಒಂದೇ: "ಇದರ ಫೋಟೊ ಯಾರ್ಯಾರಿಗೆ ಹೋಗೇತ್ರಿ?" ಡೀಲರ್‌ಗಳ ವಾಟ್ಸಾಪ್ ಗ್ರೂಪಿಗೋ ಯೂಟ್ಯೂಬಿಗೋ ಹೋಗಿದ್ದರೆ ಕೆಲಸ ಬಹುಪಾಲು ಕೆಟ್ಟಂತೆಯೇ. 2000ರ ವಿನ್ಯಾಸ ಕಾಯ್ದೆಯ ಪ್ರಕಾರ ಅರ್ಜಿಯ ದಿನಕ್ಕಿಂತ ಮೊದಲು ಜಗತ್ತಿನ ಯಾವ ಮೂಲೆಯಲ್ಲಿ ಪ್ರಕಟವಾಗಿದ್ದರೂ ಅದು ಹೊಸದಲ್ಲ, ಹೊಸದಲ್ಲದ್ದಕ್ಕೆ ನೋಂದಣಿ ಇಲ್ಲ. ಪ್ರಕಟಿಸಿದವರು ನೀವೇ ಆಗಿದ್ದರೂ ಅಷ್ಟೇ. ಪ್ಯಾಟರ್ನ್ ಮಾಡುವವರಿಗೆ, ಡೈ ಮಾಡುವವರಿಗೆ ತೋರಿಸಲೇಬೇಕಾದರೆ ಗುಟ್ಟು ಕಾಯುವ ಒಪ್ಪಂದಕ್ಕೆ ಸಹಿ ಮಾಡಿಸಿಕೊಳ್ಳಿ. ಪ್ರದರ್ಶನದಲ್ಲಿ ಇಟ್ಟ ಮೇಲೂ 6 ತಿಂಗಳೊಳಗೆ ಅರ್ಜಿ ಹಾಕಬಹುದೆಂಬ ವಿನಾಯಿತಿ ಇದೆ, ನಿಜ. ಆದರೆ ಅದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಕ್ಕೆ, ಅದೂ ಮುಂಚೆಯೇ ನೋಟಿಸ್ ಕೊಟ್ಟಿದ್ದರೆ ಮಾತ್ರ. ಊರ ಕೃಷಿ ಮೇಳದ ಸ್ಟಾಲಿಗೆ ಅದನ್ನು ನಂಬಿ ಕೂರಬೇಡಿ.

ಜೋಳದ ರೊಟ್ಟಿ ಯಂತ್ರವನ್ನೇ ತೆಗೆದುಕೊಳ್ಳಿ. ರೋಲರ್ ಹೇಗೆ ತಿರುಗುತ್ತದೆ, ಹಿಟ್ಟು ಹೇಗೆ ಒತ್ತುತ್ತದೆ ಎಂಬುದು ಇಲ್ಲಿ ಸಲ್ಲದು. ಅದಕ್ಕೆ ಪೇಟೆಂಟ್ ದಾರಿ. ಕಣ್ಣಿಗೆ ಕಾಣುವ ಕವರಿನ ಬಾಗು, ಹಾಪರಿನ (ಹಿಟ್ಟು ಸುರಿಯುವ ಬಾಯಿಯ) ಆಕಾರ, ಕಾಲುಗಳ ಜೋಡಣೆ, ಇವಿಷ್ಟೇ ಡಿಸೈನ್. ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನು ಹಾಗೇ ತಂದು ನೋಂದಾಯಿಸಲೂ ಆಗದು, ಅದು ಹಳೆಯದು.

ಆಕ್ಷೇಪಣೆ ಹೆಚ್ಚು ಬರುವುದು ಚಿತ್ರಗಳ ಮೇಲೆ. ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ, ಜೊತೆಗೆ ಓರೆಯಿಂದ ಕಂಡ ಒಂದು ನೋಟ: ಒಟ್ಟು 7. ಮುಂದಿನ ನೋಟದಲ್ಲಿ ಟ್ರೇ ಇದ್ದು, ಬದಿಯ ನೋಟದಲ್ಲಿ ತೆಗೆದಿಟ್ಟಿದ್ದರೆ ನೋಟಗಳು ಹೊಂದುವುದಿಲ್ಲ ಎಂದು ಫೈಲು ವಾಪಸ್ ಬರುತ್ತದೆ. ಹಿನ್ನೆಲೆ ಬಿಳಿ ಇರಲಿ, ನೆರಳು ಬೇಡ, ಅಳತೆಯ ಗೆರೆ ಬೇಡ, ಕಂಪನಿ ಸ್ಟಿಕರ್ ಕಿತ್ತುಹಾಕಿ. ಫೋಟೊಕ್ಕಿಂತ ಗೆರೆಚಿತ್ರವೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ನಾಳೆ ಬಣ್ಣದ ತಕರಾರು ಏಳುವುದಿಲ್ಲ. ಹೊಸತನ ಯಾವ ಭಾಗದಲ್ಲಿದೆ ಎಂಬ ಒಂದು ಸಾಲಿನ ಹೇಳಿಕೆ ಪ್ರತಿ ಹಾಳೆಯಲ್ಲೂ ಬೇಕು.

ಅರ್ಜಿ ನಮೂನೆ 1ರಲ್ಲಿ. ಆನ್‌ಲೈನಿನಲ್ಲೇ ಹಾಕಬಹುದು, ಪರಿಶೀಲನೆ ಕೋಲ್ಕತ್ತಾದಲ್ಲಿ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆಗೆ ಶುಲ್ಕ ₹1,000, ಉಳಿದವರಿಗೆ ₹4,000. ಆಕ್ಷೇಪಣೆಗಳನ್ನು ಅರ್ಜಿ ಹಾಕಿದ 6 ತಿಂಗಳೊಳಗೆ ಮುಗಿಸಬೇಕು. ಕೇಳಿಕೊಂಡರೆ ಇನ್ನೂ 3 ತಿಂಗಳು ಸಿಗುತ್ತದೆ. ರಕ್ಷಣೆ 10 ವರ್ಷ, ಅವಧಿ ಮುಗಿಯುವ ಮೊದಲೇ ನವೀಕರಿಸಿದರೆ ಮತ್ತೆ 5.

ನೋಂದಣಿಯಾದ ಮೇಲೆ ಮಾಲಿನ ಮೇಲೆ ಆರ್‌ಡಿ (ನೋಂದಾಯಿತ ಎಂಬ) ಗುರುತು, ನೋಂದಣಿ ಸಂಖ್ಯೆ ಹಾಕಿಸಿ. ಎರಕದಲ್ಲೇ ಬಂದರೆ ಇನ್ನೂ ಒಳ್ಳೆಯದು, ಸ್ಟಿಕರ್ ಎಣ್ಣೆಗೆ ಎದ್ದುಹೋಗುತ್ತದೆ. ಗುರುತಿಲ್ಲದಿದ್ದರೆ ಪರಿಹಾರ ಕೇಳುವಾಗ, ನಕಲು ಮಾಡಿದವನಿಗೆ ನೋಂದಣಿ ಗೊತ್ತಿತ್ತೆಂದೋ, ಗುರುತು ಹಾಕಿಸಲು ಬೇಕಾದ್ದೆಲ್ಲ ಮಾಡಿದ್ದೆವೆಂದೋ ನೀವೇ ಸಾಬೀತು ಮಾಡಬೇಕು. ಕಾಯ್ದೆ ಹೇಳುವ ಮೊತ್ತ ಒಂದು ಉಲ್ಲಂಘನೆಗೆ ₹25,000ದವರೆಗೆ, ಒಂದು ಡಿಸೈನಿಗೆ ಒಟ್ಟು ₹50,000 ಮೀರುವಂತಿಲ್ಲ. ಅಷ್ಟು ವಕೀಲರ ಫೀಗೂ ಸಾಲದು. ಅದರ ಬದಲು ತಡೆಯಾಜ್ಞೆ ಮತ್ತು ನಷ್ಟ ಪರಿಹಾರಕ್ಕೆ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡುವುದು ಉತ್ತಮ. ಎದುರಿನವರು "ಈ ಡಿಸೈನ್ ಮೊದಲೇ ಇತ್ತು" ಎಂದು ತಕರಾರು ಎತ್ತಿದರೆ ದಾವೆ ಹೈಕೋರ್ಟಿಗೆ, ಅಂದರೆ ನಮ್ಮ ಕಡೆಯವರಿಗೆ ಧಾರವಾಡ ಪೀಠಕ್ಕೆ, ವರ್ಗವಾಗುತ್ತದೆ. ಆಗ ಅವರು ಮೊದಲು ಹುಡುಕುವುದು ನಿಮ್ಮದೇ ಹಳೆಯ ವಾಟ್ಸಾಪ್ ಫೋಟೊದ ತಾರೀಖು.