ಮಾಷ್ಟ್ರ ಕಂಪ್ಯೂಟರ್ ಮಾತು ಬಿಟ್ಟ ದಿನ

ಜುಲೈ 26, 2025, ಶನಿವಾರ
ಕುಂಜಿಬೆಟ್ಟು, ಉಡುಪಿ

ಬೆಳಗ್ಗೆ ಏಳೂವರೆಗೆ ಟೀಚರಮ್ಮನ ಫೋನ್. "ಇವರ ಕಂಪ್ಯೂಟರ್ ಮಾತಾಡುದಿಲ್ಲ ಮಾರಾಯ್ತಿ. ಇವರೂ ಮಾತಾಡುದಿಲ್ಲ. ಕಾಫಿ ಆರಿ ಹೋಯ್ತು. ಒಮ್ಮೆ ಬಂದು ಹೋಗ್ತೀಯಾ?"

ಹೋಗಲಿಕ್ಕೆ ಆದದ್ದು ಸಂಜೆ ನಾಲ್ಕಕ್ಕೆ. ಆಟಿ ತಿಂಗಳ ಮಳೆ, ಕೊಡೆ ಇದ್ದರೂ ಮೊಣಕಾಲಿನವರೆಗೆ ಒದ್ದೆ. ಮಾಷ್ಟ್ರು ಚಾವಡಿಯ ಮೂಲೆಯಲ್ಲಿ ಕಂಪ್ಯೂಟರ್ ಎದುರೇ ಕೂತಿದ್ದರು. ಕೈ ಕೀಬೋರ್ಡಿನ ಮೇಲೆ. ಎಫ್ ಮತ್ತು ಜೆ ಮೇಲಿನ ಆ ಎರಡು ಸಣ್ಣ ಗೀಟುಗಳ ಮೇಲೆ ತೋರುಬೆರಳು ಇಟ್ಟುಕೊಂಡು ಸುಮ್ನೆ ಕೂತಿದ್ದರು. ಮಾನಿಟರ್ ಆನ್ ಇತ್ತು. ಅದರಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು.

ಮಾಷ್ಟ್ರಿಗೆ ಈಗ ಬೆಳಕು ಯಾವುದು ಕತ್ತಲೆ ಯಾವುದು ಅಂತ ಗೊತ್ತಾಗುವುದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗ್ಲಾಕೋಮಾ. ಮೊದಲು ಬದಿಯದ್ದು ಹೋಯಿತು, ಆಮೇಲೆ ನಡುವಿನದ್ದು. ಪರದೆಯಲ್ಲಿ ಇರುವುದನ್ನೆಲ್ಲ ಕಂಪ್ಯೂಟರೇ ಓದಿ ಹೇಳಬೇಕು. ಅವರ ಮಟ್ಟಿಗೆ ಆ ಎರಡು ಸ್ಪೀಕರುಗಳೇ ಮಾನಿಟರ್.

"ಬೆಳಗ್ಗೆ ಆನ್ ಮಾಡಿದೆ," ಅಂದರು. "ಫ್ಯಾನ್ ತಿರುಗುವ ಸದ್ದು ಬಂತು. ಆಮೇಲೆ ಎಂತದೂ ಇಲ್ಲ. ಪಾಸ್‌ವರ್ಡ್ ಕೇಳಿತಾ ಇಲ್ವಾ ಅಂತ ಗೊತ್ತಾಗಲಿಲ್ಲ. ಹತ್ತು ನಿಮಿಷ ಕಾದೆ. ಮತ್ತೆ ಸುಮ್ನೆ ಪಾಸ್‌ವರ್ಡ್ ಟೈಪ್ ಮಾಡಿ ಎಂಟರ್ ಕೊಟ್ಟೆ. ಅದು ಎಲ್ಲಿಗೆ ಹೋಗಿ ಬಿತ್ತೋ ದೇವರಿಗೇ ಗೊತ್ತು."

ಹೋಗಿ ಬಿದ್ದದ್ದು ಸರಿಯಾದ ಜಾಗಕ್ಕೇ. ಒಳಗೆ ಹೋಗಿತ್ತು. ಅವರ 'ಶಾಲೆಯ ನೆನಪು' ಫೈಲ್ ಕೂಡ ತೆರೆದಿತ್ತು. ಅದರ ಕೊನೆಯ ಸಾಲಿನಲ್ಲಿ ಅವರು ಬೆಳಗ್ಗೆ ಒತ್ತಿ ನೋಡಿದ ಅಕ್ಷರಗಳೆಲ್ಲ ಇದ್ದವು. ಅಅಅಅ ಕಕಕ. ಅದನ್ನು ಅವರಿಗೆ ಹೇಳಲಿಲ್ಲ. ಮೆಲ್ಲಗೆ ಅಳಿಸಿದೆ.

ಈ ಕಂಪ್ಯೂಟರಿನ ಕತೆ ಸ್ವಲ್ಪ ಹೇಳಬೇಕು. ಮಗ ಬಿಟ್ಟುಹೋದ ಹಳೆಯ ಡೆಸ್ಕ್‌ಟಾಪ್. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ, ಹಾಗಾಗಿ ವಿಂಡೋಸ್ 11 ಹಾಕಲಿಕ್ಕಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆ. ಬಿಸಾಡುವ ಮಾತು ಬಂದಾಗ ವಿಂಡೋಸ್ ಬದಲಿಗೆ ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ ಕೊಡುತ್ತೇನೆ ಅಂದವಳು ನಾನೇ. ಎರಡು ವಾರದ ಹಿಂದೆ ಹಾಕಿಯೂ ಕೊಟ್ಟೆ.

ಆ ದಿನದ ಬಗ್ಗೆ ಬರೆದೇ ಇರಲಿಲ್ಲ, ಈಗ ಬರೆಯುತ್ತೇನೆ. ಡೆಬಿಯನ್ ಇನ್‌ಸ್ಟಾಲ್ ಮಾಡುವಾಗ ಮೊದಲ ಮೆನುವಿನಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಇನ್‌ಸ್ಟಾಲರ್ ಮಾತಾಡಲು ಶುರು ಮಾಡುತ್ತದೆ. ಮೆನು ಬಂದದ್ದು ಗೊತ್ತಾಗಲಿ ಅಂತ ಮೊದಲು 'ಕೀಂ' ಅನ್ನುತ್ತದೆ. ಅದನ್ನು ನನಗಿಂತ ಮೊದಲು ಕೇಳಿಸಿಕೊಂಡವರು ಮಾಷ್ಟ್ರು. ಸದ್ದು ಹೊರಡಿಸುವ ಸೌಂಡ್ ಕಾರ್ಡ್ ಒಂದಕ್ಕಿಂತ ಹೆಚ್ಚು ಇದ್ದರೆ ಅದು ಒಂದೊಂದರಲ್ಲೂ ಮಾತಾಡಿ ನೋಡುತ್ತದೆ. ದನಿ ಕೇಳಿಸಿದಾಗ ಎಂಟರ್ ಒತ್ತಿದರೆ ಆಯಿತು, ಅದೇ ನಿಮ್ಮ ಕಾರ್ಡ್. ಇವರಲ್ಲಿ ಎರಡಿತ್ತು. ಒಂದು ಎಚ್‌ಡಿಎಂಐ, ಮಾನಿಟರಿಗೆ ಹೋಗುವುದು. ಆ ಮಾನಿಟರಿನಲ್ಲಿ ಸ್ಪೀಕರೇ ಇಲ್ಲ. ಇನ್ನೊಂದು ಮದರ್‌ಬೋರ್ಡಿನ ರಿಯಲ್‌ಟೆಕ್. ಸ್ಪೀಕರಿನಲ್ಲಿ ದನಿ ಬಂದ ಕೂಡಲೇ ಮಾಷ್ಟ್ರು ನನ್ನ ಕೈ ಸರಿಸಿ ತಾವೇ ಎಂಟರ್ ಒತ್ತಿದರು. "ನಿನಗೆ ಕೇಳ್ತದಾ ಅಂತ ನನ್ನನ್ನೇ ಕೇಳ್ತದಲ್ಲ ಇದು!" ಅಂದರು. ಎಷ್ಟು ಖುಷಿ ಆಗಿತ್ತು ಅವರಿಗೆ.

ಪರದೆ ಓದಿ ಹೇಳುವ ಓರ್ಕಾ ಎಂಬ ಈ ಸ್ಕ್ರೀನ್ ರೀಡರನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಶುರು ಮಾಡಿದ ಮಾರ್ಕ್ ಮಲ್ಕಾಹಿ ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಹಾಗೆ ಹೇಳಿದ ಮೇಲೆ ಮಾಷ್ಟ್ರು ಅದನ್ನು 'ನಮ್ಮವರ ಸಾಮಾನು' ಅನ್ನುತ್ತಾರೆ. ಅದಕ್ಕೆ ಕನ್ನಡದ ದನಿ ಕೊಡುವುದು ಈಸ್ಪೀಕ್ ಎಂಬ ತಂತ್ರಾಂಶ. ದನಿ ಒಣ ಒಣ. "ಆದ್ರೆ ಲಕಾರ ಳಕಾರ ಬೇರೆ ಬೇರೆ ಹೇಳ್ತದೆ, ಸಾಕು ನನಗೆ," ಅಂದಿದ್ದರು. ಮೂವತ್ತೆಂಟು ವರ್ಷ ಕನ್ನಡ ಕಲಿಸಿದ ಕಿವಿ ಅದು.

ಇವತ್ತು ಆ ದನಿಯೇ ಇಲ್ಲ.

ಮೊದಲು ಏಪ್ಲೇ ಆಜ್ಞೆ ಕೊಟ್ಟು ಕಾರ್ಡುಗಳ ಪಟ್ಟಿ ತೆಗೆದೆ. ಎರಡೂ ಇದ್ದವು. ಕಾರ್ಡು ಸತ್ತಿಲ್ಲ ಅಂತ ಸಮಾಧಾನ ಆಯಿತು. ಆಮೇಲೆ ಸದ್ದಿನ ಮಟ್ಟ ತೋರಿಸುವ ಅಲ್ಸಾಮಿಕ್ಸರ್ ತೆರೆದೆ. ಎಫ್6 ಒತ್ತಿ ರಿಯಲ್‌ಟೆಕ್ ಆರಿಸಿದೆ. ಸಾಲಾಗಿ ಉದ್ದ ಕಂಬಗಳು ಬಂದವು. ಯಾವುದಾದರೂ ಕಂಬದ ಬುಡದಲ್ಲಿ ಎಂಎಂ ಅಂತಿದ್ದರೆ ಅದರ ಬಾಯಿ ಕಟ್ಟಿದೆ ಅಂತ ಅರ್ಥ, ಎಂ ಕೀಲಿ ಒತ್ತಿದರೆ ಬಿಡುತ್ತದೆ. ಲಿನಕ್ಸಿನಲ್ಲಿ ಸದ್ದು ಬಾರದಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಮಾಸ್ಟರ್, ಫ್ರಂಟ್, ಎರಡರ ಬುಡದಲ್ಲೂ ಹಸಿರು ಸೊನ್ನೆಗಳು. ಬಾಯಿ ಕಟ್ಟಿಲ್ಲ.

ಸ್ಪೀಕರ್ ಟೆಸ್ಟ್ ಓಡಿಸಿದೆ. ಪರದೆಯ ಮೇಲೆ 'ಫ್ರಂಟ್ ಲೆಫ್ಟ್' ಅಂತ ಅಕ್ಷರ ಬಂತು. ಆಮೇಲೆ 'ಫ್ರಂಟ್ ರೈಟ್'. ಮತ್ತೆ ಲೆಫ್ಟ್, ಮತ್ತೆ ರೈಟ್. ಚಾವಡಿಯಲ್ಲಿ ಮಳೆಯ ಸದ್ದು ಬಿಟ್ಟರೆ ಬೇರೆ ಇಲ್ಲ.

"ಎಂತ ಹೇಳ್ತದೆ?" ಅಂತ ಮಾಷ್ಟ್ರು ಕೇಳಿದರು.

"ಮಾತಾಡ್ತಾ ಇದ್ದೇನೆ ಅಂತ ಹೇಳ್ತದೆ ಮಾಷ್ಟ್ರೇ."

"ಎಲ್ಲಿ ಹೇಳ್ತದೆ?"

"ಪರದೆಯಲ್ಲಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ನೋಡು, ನನಗೆ ಕಣ್ಣು ಹೋದದ್ದು ಹನ್ನೊಂದು ವರ್ಷ ತಗೊಂಡು. ದಿನಾ ಒಂದಿಷ್ಟು. ನಾನು ಅದಕ್ಕೆ ತಯಾರಾದೆ. ಇವತ್ತು ಬೆಳಗ್ಗೆ ಹೋದದ್ದು ಒಂದೇ ನಿಮಿಷದಲ್ಲಿ. ಮತ್ತೆ ಯಾಕೆ ಹೋಯ್ತು ಅಂತ ಹೇಳಬೇಕಾದ್ದೂ ಅದೇ ದನಿ ಅಲ್ವಾ? ಅದಕ್ಕೆ ಮಾತು ಬರುದಿಲ್ಲ ಅಂತ ಅದು ನನಗೆ ಹೇಳುದಾದ್ರೂ ಹೇಗೆ?"

ಹತ್ತು ವರ್ಷದಿಂದ ಲಿನಕ್ಸ್ ಬಳಸುತ್ತಿದ್ದೇನೆ. ಎಷ್ಟು ಸಲ ಸದ್ದು ಕೆಟ್ಟಿಲ್ಲ ನನಗೆ? ಪ್ರತಿ ಸಲವೂ ಓದಿ, ನೋಡಿ, ಟೈಪ್ ಮಾಡಿ ಸರಿ ಮಾಡಿಕೊಂಡೆ. ಸದ್ದು ರಿಪೇರಿ ಮಾಡುವ ಎಲ್ಲವೂ ಕಣ್ಣಿಗೆ ಬರೆದದ್ದು ಅಂತ ಇವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಆ ಕಂಬಗಳು, ಆ ಎಂಎಂ, ಆ ಹಸಿರು ಸೊನ್ನೆ.

ಕರೆಂಟ್ ಹೋಯಿತು. ಇಪ್ಪತ್ತು ನಿಮಿಷ. ಟೀಚರಮ್ಮ ಪತ್ರೊಡೆ ತಂದಿಟ್ಟರು, ಬೆಲ್ಲ ತೆಂಗಿನಕಾಯಿ ಹಾಕಿ ಪುಡಿ ಮಾಡಿದ್ದು. ಕೆಸುವಿನ ಎಲೆ ಹಿತ್ತಿಲಿನದ್ದೇ ಅಂತೆ. ಮಾಷ್ಟ್ರೂ ತಿಂದರು. ಬೆಳಗ್ಗಿನಿಂದ ಅದೇ ಮೊದಲಂತೆ.

ತಿನ್ನುತ್ತಾ ಕೇಳಿದೆ, "ನಿನ್ನೆ ರಾತ್ರಿ ಕೊನೆಗೆ ಎಂತ ಮಾಡಿದ್ದು ಮಾಷ್ಟ್ರೇ? ನೆನಪು ಮಾಡಿ."

"ಎಂತ ಮಾಡುದು? ಇವಳಿಗೆ ನಿದ್ದೆ ಕೆಡುದು ಬೇಡ ಅಂತ ಮೊಮ್ಮಗಳ ಹೆಡ್‌ಫೋನ್ ಎದುರಿನ ತೂತಿಗೆ ಹಾಕಿ ಕೇಳಿದೆ. ಮುಗಿದ ಮೇಲೆ ತೆಗೆದಿಟ್ಟೆ. ಬೆಳಗ್ಗಿನ ಬಸ್ಸಿಗೆ ಅವಳು ಅದನ್ನು ತಗೊಂಡು ಹೋದಳು."

ನಾನು ಎದ್ದು ಮಳೆಯಲ್ಲೇ ಮನೆಗೆ ಓಡಿ ನನ್ನ ಹೆಡ್‌ಫೋನ್ ತಂದೆ. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಹಾಕಿ, ಎದುರಿನ ಜ್ಯಾಕಿಗೆ ಚುಚ್ಚಿ, ಮಾಷ್ಟ್ರ ಕಿವಿಗೆ ಇಟ್ಟೆ. ಅವರು ಕೀಲಿ ಒತ್ತಿದರು. ಮುಖ ಬದಲಾಯಿತು.

"ಮಾತಾಡ್ತಾ ಉಂಟು!" ಅಂದರು. ಹೆಡ್‌ಫೋನ್ ಹಾಕಿದ್ದಕ್ಕೋ ಏನೋ, ದೊಡ್ಡ ದನಿಯಲ್ಲಿ. "ಬೆಳಗ್ಗಿನಿಂದ ಇಲ್ಲೇ ಮಾತಾಡ್ತಾ ಇತ್ತಾ ಇದು? ಯಾರೂ ಇಲ್ಲದ ತೂತಿಗೆ?"

ಇಡೀ ದಿನ. ಅವರು ಒತ್ತಿದ ಒಂದೊಂದು 'ಅ'ವನ್ನೂ 'ಕ'ವನ್ನೂ ಅದು ಓದಿ ಹೇಳಿತ್ತು.

ಆ ಜ್ಯಾಕಿನೊಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದರೆ ಅದು ಸರಿದು 'ಹೆಡ್‌ಫೋನ್ ಬಂತು' ಅನ್ನುತ್ತದೆ. ಕೂಡಲೇ ಹಿಂದಿನ ಸ್ಪೀಕರ್ ಬಂದ್. ಪಿನ್ ತೆಗೆದಾಗ ಸ್ವಿಚ್ ವಾಪಸ್ ಬರಬೇಕು. ಇದು ಬಂದಿಲ್ಲ. ಟಾರ್ಚ್ ಹಿಡಿದು ನೋಡಿದೆ. ತೂತಿನ ಬಾಯಿಯಲ್ಲೇ ಹಸಿರು ಕಿಲುಬು. ನಮ್ಮ ಊರಿನ ಮಳೆ, ಮಲ್ಪೆ ಕಡೆಯ ಉಪ್ಪುಗಾಳಿ. ಬೀಗ, ಹೊಲಿಗೆ ಮೆಷಿನು, ಗೇಟಿನ ಬಿಜಾಗ್ರಿ, ಯಾವುದನ್ನು ಬಿಟ್ಟಿದೆ ಅದು?

ಅಲ್ಸಾಮಿಕ್ಸರಿನಲ್ಲಿ ಬಾಣದ ಕೀಲಿ ಒತ್ತಿ ಬಲಕ್ಕೆ ಬಲಕ್ಕೆ ಹೋದರೆ ಕೊನೆಯಲ್ಲಿ 'ಆಟೋ ಮ್ಯೂಟ್ ಮೋಡ್' ಸಿಗುತ್ತದೆ. ಮೊದಲ ಸಲ ಅಷ್ಟು ದೂರ ಹೋಗಿಯೇ ಇರಲಿಲ್ಲ ನಾನು. 'ಎನೇಬಲ್ಡ್' ಅಂತಿತ್ತು. ಡಿಸೇಬಲ್ ಮಾಡಿದೆ. ಸೌಂಡ್ ಸೆಟ್ಟಿಂಗಿನಲ್ಲಿ ಹೆಡ್‌ಫೋನ್ ಇದ್ದುದನ್ನು ಹಿಂದಿನ ಸ್ಪೀಕರಿನ ಲೈನ್ ಔಟ್‌ಗೆ ಬದಲಿಸಿದೆ. ಮತ್ತೆ ಬೂಟ್ ಆದಾಗ ಮರೆಯಬಾರದಲ್ಲ, ಅದಕ್ಕೆ ಅಲ್ಸಾಕ್ಟಲ್ ಸ್ಟೋರ್ ಆಜ್ಞೆ ಕೊಟ್ಟು ಉಳಿಸಿದೆ. ಇಷ್ಟೆಲ್ಲ ಮಾಡಲು ನಾಲ್ಕು ನಿಮಿಷ.

ಸ್ಪೀಕರ್ ಟೆಸ್ಟ್ ಮತ್ತೆ ಓಡಿಸಿದೆ. ಎಡದಿಂದ 'ಫ್ರಂಟ್ ಲೆಫ್ಟ್'. ಬಲದಿಂದ 'ಫ್ರಂಟ್ ರೈಟ್'. ಮಾಷ್ಟ್ರ ತಲೆ ದನಿ ಬಂದ ಕಡೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿತು. ನಿಲ್ಲಿಸಬೇಕು ಅಂತ ನನಗೆ ಅನಿಸಲೇ ಇಲ್ಲ. ಅಡುಗೆಮನೆಯಿಂದ ಟೀಚರಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು.

ಮಾಷ್ಟ್ರು ಪೂರ್ತಿ ಫೈಲನ್ನು ಮೊದಲಿನಿಂದ ಓದಿಸಿ ಕೇಳಿದರು. ನಾನೂ ಕೂತು ಕೇಳಿದೆ. 1979ರಲ್ಲಿ ಅವರ ಶಾಲೆಗೆ ಮೊದಲ ರೇಡಿಯೋ ಬಂದ ಭಾಗ. ಮಕ್ಕಳು ರೇಡಿಯೋದ ಹಿಂದೆ ಹೋಗಿ ಮಾತಾಡುವವರನ್ನು ಹುಡುಕಿದ್ದು.

ಮನೆಗೆ ಬಂದು ಊಟ ಮಾಡಿಲ್ಲ ಇನ್ನೂ.

ನನ್ನ ಬೆಂಗಳೂರಿನ ಕೆಲಸದ ವಿಷಯ ಅವರಿಗೆ ಹೇಳಿಲ್ಲ. ಸೆಪ್ಟೆಂಬರಿಗೆ ಹೊರಡಬೇಕು. ಇವತ್ತು ಹೇಳಬೇಕು ಅಂತಲೇ ಹೋದದ್ದು, ಬಾಯಿ ಬರಲಿಲ್ಲ. ಮುಂದಿನ ಮಳೆಗೆ ಇನ್ನೇನೋ ಕಿಲುಬು ಹಿಡಿಯುತ್ತದೆ. ಆಗ ಟೀಚರಮ್ಮ ಯಾರಿಗೆ ಫೋನ್ ಮಾಡುವುದು?

ಆಜ್ಞೆಗಳ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಯಾವುದಾದರೂ ಎರಡು ಕೀಲಿಗೆ ಕಟ್ಟಿಕೊಡಬಹುದು. ಒತ್ತಿದರೆ ಎಲ್ಲ ವಾಲ್ಯೂಮ್ ಮೇಲೆ, ಆಟೋ ಮ್ಯೂಟ್ ಬಂದ್, ಓರ್ಕಾ ಮತ್ತೆ ಶುರು. ಅದು ಸುಲಭ, ಅಮಿಕ್ಸರ್ ಆಜ್ಞೆಯ ನಾಲ್ಕು ಸಾಲು. ಆದರೆ ಅಷ್ಟಾದರೂ ದನಿ ಬಾರದಿದ್ದರೆ? ಕಂಪ್ಯೂಟರ್ ಎದ್ದಿದೆಯೋ ಇಲ್ಲವೋ, ಕೀಲಿ ತಾಗಿತೋ ಇಲ್ಲವೋ, ಅದನ್ನಾದರೂ ಅವರಿಗೆ ತಿಳಿಸಬೇಕಲ್ಲ. ಸೌಂಡ್ ಕಾರ್ಡನ್ನು ನಂಬದ ಒಂದು ಸದ್ದು ಬೇಕು.

ಇನ್‌ಸ್ಟಾಲ್ ದಿನದ ಆ 'ಕೀಂ'! ಅದು ಬಂದದ್ದು ಸ್ಪೀಕರಿನಿಂದ ಅಲ್ಲ, ಡಬ್ಬದ ಒಳಗಿನಿಂದ. ಇದರ ಮದರ್‌ಬೋರ್ಡಿನ ಮೂಲೆಯಲ್ಲಿ ಅಂಗಿ ಗುಂಡಿಯಷ್ಟು ದೊಡ್ಡ ಕಪ್ಪು ಬೀಪರ್ ಉಂಟು, ಅದಕ್ಕೂ ರಿಯಲ್‌ಟೆಕ್‌ಗೂ ಸಂಬಂಧವೇ ಇಲ್ಲ. ಲಿನಕ್ಸಿನಿಂದ ಅದನ್ನು ಕೂಗಿಸಲಿಕ್ಕೆ ಬರುತ್ತದೆ. ಒಂದು ಸಲ ಕೀಂ ಅಂದರೆ ಎದ್ದಿದ್ದೇನೆ ಅಂತ, ಎರಡು ಸಲ ಅಂದರೆ ಪಾಸ್‌ವರ್ಡ್ ಹಾಕಿ ಅಂತ, ಮೂರು ಸಲ ಅಂದರೆ...