ವರ್ಷಕ್ಕೆ ಒಂದೇ ಮಳೆಗಾಲ, ಕೈಯಲ್ಲಿ 13 ತಿಂಗಳ ದುಡ್ಡು

ಶಿರಸಿಲೇ ಇದ್ಕೊಂಡು ಸ್ಟಾರ್ಟಪ್ ಮಾಡ್ಬೇಕು ಅಂತ ಈಚೆಗೆ ಇಬ್ರು ಮೂವರು ಹುಡುಗ್ರು ಫೋನ್ ಮಾಡಿದ್ರು, ಎಲ್ರೂ ಕೇಳಿದ್ದು ಒಂದೇ, ಇನ್ವೆಸ್ಟರ್ ಹತ್ರ ಹೋಗೋದು ಹೇಗೆ ಅಂತ. ನಾನು ಹೋಗಿ ದುಡ್ಡು ತಂದು ಅದನ್ನ ಖಾಲಿ ಮಾಡಿದವನು, ಹಾಗಾಗಿ ಲೆಕ್ಕದ ಸಮೇತ ಬರೀತಿದೀನಿ.

2020ರ ಲಾಕ್‌ಡೌನಲ್ಲಿ ಬೆಂಗಳೂರಿಂದ ಮನೆಗೆ ಬಂದೆ. ಆ ವರ್ಷ ತೋಟಕ್ಕೆ ಮದ್ದು ಹೊಡೆಸೋಕೆ ಕೊನೆಗೌಡ, ಅಂದ್ರೆ ಅಡಿಕೆ ಮರ ಹತ್ತಿ ಕೆಲಸ ಮಾಡೋನು, ಸಿಗದೆ ಅಪ್ಪ ಪಟ್ಟ ಪಾಡು ಕಣ್ಣಾರೆ ನೋಡ್ದೆ. ಅಡಿಕೆ ತೋಟದ ಪರಿಚಯ ಇಲ್ಲದವರಿಗೆ ಹೇಳ್ತೀನಿ, ಮಳೆ ಜೋರಾಗೋದ್ರೊಳಗೆ ಕೊನೆಗಳಿಗೆ (ಅಡಿಕೆ ಗೊಂಚಲಿಗೆ) ಬೋರ್ಡೋ ದ್ರಾವಣ ಹೊಡೆದಿರಬೇಕು, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ, ಇಲ್ಲಾಂದ್ರೆ ಕೊಳೆ ರೋಗ ಬಂದು ಕಾಯಿ ಉದುರಿ ವರ್ಷದ ಬೆಳೆನೇ ಹೋಗತ್ತೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು, ಕಲಸಿದ ದಿನವೇ ಹೊಡೀಬೇಕು, ನಾಳೆಗೆ ಇಟ್ರೆ ಕೆಲಸಕ್ಕೆ ಬರಲ್ಲ. ಅಂದ್ರೆ ಬರ್ತೀನಿ ಅಂದ ಕೊನೆಗೌಡ ಬರಲಿಲ್ಲ ಅಂದ್ರೆ ಮದ್ದೂ ಹಾಳು, ದಿನವೂ ಹಾಳು.

ಟ್ಯಾಕ್ಸಿ ಆಪ್ ಇದ್ದ ಹಾಗೆ ಕೊನೆಗೌಡರಿಗೂ ಒಂದು ಆಪ್ ಮಾಡೋಣ ಅಂತ ಇಬ್ರು ಗೆಳೆಯರ ಜೊತೆ ಸೇರಿ ಶುರು ಮಾಡಿದ್ವಿ. 2021 ಅಂದ್ರೆ ದುಡ್ಡಿಗೆ ಬರ ಇರದ ವರ್ಷ, ಅಮೆರಿಕಾದಲ್ಲಿ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ ಇತ್ತು, ಬ್ಯಾಂಕಲ್ಲಿಟ್ರೆ ಏನೂ ಹುಟ್ಟದ ದುಡ್ಡು ಸ್ಟಾರ್ಟಪ್‌ಗಳ ಕಡೆ ಹರೀತು, ಭಾರತದಲ್ಲಿ ಆ ಒಂದೇ ವರ್ಷ 40ಕ್ಕೂ ಹೆಚ್ಚು ಕಂಪನಿಗಳು ಯುನಿಕಾರ್ನ್, ಅಂದ್ರೆ ನೂರು ಕೋಟಿ ಡಾಲರ್ ಬೆಲೆಯ ಸ್ಟಾರ್ಟಪ್, ಆದ್ವು. ಆ ಗಾಳಿಲಿ ನಮಗೂ ಆಗಸ್ಟಲ್ಲಿ ಬೆಂಗಳೂರಿನ ಒಬ್ಬ ಏಂಜೆಲ್ ಇನ್ವೆಸ್ಟರ್, ಅಂದ್ರೆ ಹೊಸ ಕಂಪನಿಗಳಿಗೆ ಸ್ವಂತ ದುಡ್ಡು ಹಾಕೋರು, 40 ಲಕ್ಷ ಕೊಟ್ರು. ತಿಂಗಳ ಖರ್ಚು 3 ಲಕ್ಷ, ಆಫೀಸು, ಆರು ಜನ ಫೀಲ್ಡ್ ಹುಡುಗ್ರು, ಸರ್ವರ್ ಎಲ್ಲ ಸೇರಿ. 13 ತಿಂಗಳ ದುಡ್ಡು. ಸಾಕಷ್ಟಾಯ್ತು ಅಂದ್ಕೊಂಡ್ವಿ.

ಆಗ ನಾವು ಎಣಿಸ್ತಾ ಇದ್ದಿದ್ದು ಡೌನ್‌ಲೋಡ್. ಸಿದ್ದಾಪುರ, ಯಲ್ಲಾಪುರ ಎಲ್ಲ ಸುತ್ತಿ 3,000 ದಾಟಿಸಿದ್ವಿ, ಮುಂದೆ ಶಿವಮೊಗ್ಗ, ದಕ್ಷಿಣ ಕನ್ನಡ ಅಂತ ನಕಾಶೆ ಹಾಕಿ ಇನ್ವೆಸ್ಟರಿಗೆ ಕಳಿಸಿದ್ವಿ. ಕೊನೆಗೌಡರು 120 ಜನ ಹೆಸರು ಕೊಟ್ಟಿದ್ರು.

2022ರ ಮೇ ಕೊನೇಲಿ ಗೊತ್ತಾಯ್ತು ನೋಡಿ. ಟ್ಯಾಕ್ಸಿ ಬೇಕಾದವರು ದಿನವಿಡೀ ಬೇರೆ ಬೇರೆ ಹೊತ್ತಿಗೆ ಹಂಚಿಹೋಗಿರ್ತಾರೆ, ಒಬ್ಬರದ್ದು ಮುಗಿದ ಮೇಲೆ ಅದೇ ಗಾಡಿ ಇನ್ನೊಬ್ಬರಿಗೆ ಸಿಗತ್ತೆ, ನಮ್ಮಲ್ಲಿ ಹಾಗಲ್ಲ, ಸಾವಿರ ತೋಟದವರಿಗೂ ಅದೇ 15 ದಿನದಲ್ಲಿ ಅದೇ ಮನುಷ್ಯ ಬೇಕು. ಆಪ್ ಬಂತು ಅಂತ ಮರ ಹತ್ತೋರು ಒಬ್ಬರೂ ಹೊಸದಾಗಿ ಹುಟ್ಟಲ್ಲ, ಇದ್ದ 120 ಜನರನ್ನೇ ನಾವು ಆ ತೋಟದಿಂದ ಈ ತೋಟಕ್ಕೆ ಎಳೀತಾ ಇದ್ವಿ ಅಷ್ಟೇ. ಜೂನಲ್ಲಿ ಮಳೆ ಹಿಡೀತು, ಬುಕಿಂಗ್ ಮೇಲೆ ಬುಕಿಂಗ್ ಕ್ಯಾನ್ಸಲ್. ಒಬ್ಬ ಹಿರಿಯ ಕೊನೆಗೌಡ ನಮ್ಮ ಆಫೀಸ್ ಮೆಟ್ಟಿಲ ಮೇಲೆ ಕೂತು ಹೇಳಿದ್ದ, "ಮಳೆ ಬಂದ್ರೆ ಮರ ಜಾರ್ತದೆ ಭಟ್ರೆ, ಬಿದ್ರೆ ನಮ್ಮ ಮನೆ ನೋಡೋರು ಯಾರೂ ಇಲ್ಲ." ನಮ್ಮ ಆಪಲ್ಲಿ ಕ್ಯಾನ್ಸಲ್ ಮಾಡಿದವರಿಗೆ ರೇಟಿಂಗ್ ಕಮ್ಮಿ ಆಗೋ ಹಾಗೆ ಇಟ್ಟಿದ್ವಿ. ಅದನ್ನ ಅವತ್ತು ರಾತ್ರಿನೇ ತೆಗೆಸಿದೆ, ಅಷ್ಟು ದಿನ ಇಟ್ಟಿದ್ದಕ್ಕೆ ಈಗಲೂ ಬೇಜಾರಿದೆ.

ಇನ್ನೊಂದು ಪೆಟ್ಟು ಎರಡನೇ ಮದ್ದಿನ ಹೊತ್ತಿಗೆ ಬಿತ್ತು. ಮೊದಲ ಸಲ ಆಪಲ್ಲಿ ಬುಕ್ ಮಾಡಿದ್ದ ಹೆಗಡೇರೊಬ್ಬರಿಗೆ ಫೋನ್ ಮಾಡಿದ್ರೆ, "ಅವ್ನ ನಂಬರ್ ಯನ್ನ ಹತ್ರನೇ ಇದ್ದು ತಮಾ, ಮತ್ತೆ ಆಪ್ ಎಂತಕ್ಕೆ?" ಸರಿಯಾದ ಮಾತು. ಒಮ್ಮೆ ಪರಿಚಯ ಮಾಡಿಸಿದ ಮೇಲೆ ನಡುವೆ ನಮಗೆ ಕೆಲಸ ಇಲ್ಲ.

ಬಿಡಿ, ಎಲ್ಲರೂ ಆಪಲ್ಲೇ ಉಳಿದ್ರು ಅಂತಲೇ ಇಟ್ಕೊಳ್ಳಿ. 120 ಜನ, ಒಬ್ಬೊಬ್ಬರಿಗೆ 25 ದಿನ ಕೆಲಸ, ದಿನಕ್ಕೆ 1,800 ರೂಪಾಯಿ, ಒಟ್ಟು 54 ಲಕ್ಷ, ನಮ್ಮ ಕಮಿಷನ್ 8 ಪರ್ಸೆಂಟ್, ಅಂದ್ರೆ 4,32,000. ಇಡೀ ಸೀಸನ್‌ಗೆ. ಒಂದೂವರೆ ತಿಂಗಳ ಖರ್ಚಿಗೂ ಸಾಲದು. ಈ ಲೆಕ್ಕ ಒಂದು ಚೀಟಿಯ ಹಿಂದೆ ಐದು ನಿಮಿಷದಲ್ಲಿ ಆಗೋದು, ಡೆಕ್ (ಇನ್ವೆಸ್ಟರಿಗೆ ತೋರಿಸೋ ಸ್ಲೈಡ್‌ಗಳು) ಮಾಡೋಕೆ ಮೂರು ವಾರ ಕೂತ ನಾವು ಇದನ್ನ ಮಾಡಿರಲಿಲ್ಲ.

ಸೆಪ್ಟೆಂಬರಿಗೆ ದುಡ್ಡು ಮುಗೀತು. ಅಷ್ಟೊತ್ತಿಗೆ ಗಾಳಿನೂ ತಿರುಗಿತ್ತು, ಅಮೆರಿಕಾದ ಕೇಂದ್ರ ಬ್ಯಾಂಕ್ ಫೆಡ್ 2022ರ ಮಾರ್ಚಿಂದ ಬಡ್ಡಿ ಏರಿಸ್ತಾ ಹೋಯ್ತು, 2023ರ ಜುಲೈಗೆ ಐದೂಕಾಲು ಪರ್ಸೆಂಟ್ ದಾಟಿತ್ತು. ಎಷ್ಟು ಯೂಸರ್ ಅಂತ ಕೇಳ್ತಿದ್ದ ಫಂಡ್‌ನವರು, ಅಂದ್ರೆ ಬೇರೆಯವರ ದುಡ್ಡು ಒಟ್ಟು ಮಾಡಿ ಸ್ಟಾರ್ಟಪ್‌ಗಳಿಗೆ ಹಾಕೋರು, ಒಂದು ಬುಕಿಂಗಲ್ಲಿ ಎಷ್ಟು ಉಳಿಯತ್ತೆ ಅಂತ ಕೇಳೋಕೆ ಶುರು ಮಾಡಿದ್ರು. ಅವರ ಲೆಕ್ಕ ಆಗಲೇ ನನಗೆ ಅರ್ಥ ಆಗಿದ್ದು. ಫಂಡ್‌ಗೆ ಸಾಮಾನ್ಯವಾಗಿ 10 ವರ್ಷದ ಆಯಸ್ಸು, ಅಷ್ಟರೊಳಗೆ ದುಡ್ಡು ಕೊಟ್ಟವರಿಗೆ ವಾಪಸ್ ಮಾಡ್ಬೇಕು, ಹಾಕಿದ ಕಂಪನಿಗಳಲ್ಲಿ ಹೆಚ್ಚಿನವು ಮುಳುಗ್ತಾವೆ, ಒಂದೆರಡು ಬೆಳೆದು ಇಡೀ ಫಂಡನ್ನ ತುಂಬಿಕೊಡಬೇಕು, ಹಾಗಾಗಿ ಪ್ರತಿಯೊಂದು ಕಂಪನಿಯೂ ಅಷ್ಟು ದೊಡ್ಡದಾಗಬಲ್ಲದಾ ಅಂತಲೇ ನೋಡ್ತಾರೆ. ಅವರ ತಪ್ಪಿಲ್ಲ, ನಮ್ಮ ಕೆಲಸದ ಜಾತಿ ಬೇರೆ. ಸಾಫ್ಟ್‌ವೇರ್ ಮಾರೋನು ವಾರಕ್ಕೊಂದು ಪ್ರಯೋಗ ಮಾಡಿ ಕಲೀತಾನೆ, ನಮಗೆ ವರ್ಷಕ್ಕೆ ಒಂದೇ ಮಳೆಗಾಲ. 13 ತಿಂಗಳ ದುಡ್ಡಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು ಪರೀಕ್ಷೆ, ತಪ್ಪು ಗೊತ್ತಾದಾಗ ತಿದ್ದಿ ಬರೆಯೋಕೆ ಎರಡನೇದು ಇರಲಿಲ್ಲ.

ಕಾಗದದ ವಿಷಯನೂ ಹೇಳ್ಬೇಕು. ನಾವು ತಗೊಂಡಿದ್ದು ಕನ್ವರ್ಟಿಬಲ್ ನೋಟ್. ಮುಂದಿನ ರೌಂಡ್, ಅಂದ್ರೆ ಇನ್ವೆಸ್ಟರ್‌ಗಳಿಂದ ಮತ್ತೊಮ್ಮೆ ದುಡ್ಡು, ಬಂದಾಗ ಅದು ಷೇರ್ ಆಗತ್ತೆ, ಬರೋವರೆಗೂ ಅದು ಸಾಲ. ನಾನು ಡಿಸ್ಕೌಂಟ್ (ಷೇರ್ ಆಗುವಾಗ ಅವರಿಗೆ ಬೆಲೆಲಿ ರಿಯಾಯಿತಿ) ಎಷ್ಟು, ಕ್ಯಾಪ್ (ಅದಕ್ಕೆ ಹಿಡಿಯೋ ಕಂಪನಿ ಬೆಲೆಯ ಮಿತಿ) ಎಷ್ಟು ಅಂತ ನಾಲ್ಕು ಸಲ ಓದಿದ್ದೆ, ಮೂರು ವರ್ಷದೊಳಗೆ ರೌಂಡ್ ಬರದಿದ್ರೆ ದುಡ್ಡು ವಾಪಸ್ ಕೇಳಬಹುದು ಅನ್ನೋ ಸಾಲನ್ನ ಓದಿಯೂ ಅದರ ಮುಂದೆ ನಿಲ್ಲಲಿಲ್ಲ. ನಮ್ಮ ಇನ್ವೆಸ್ಟರ್ ಒಳ್ಳೆಯವರು, ಎರಡು ತಿಂಗಳು ಮಾತಾಡಿ ಷೇರ್ ತಗೊಳ್ಳೋಕೆ ಒಪ್ಪಿದ್ರು. ಇಲ್ಲಾಂದ್ರೆ ಅಪ್ಪನ ತೋಟದ ಮೇಲೆ ಸಾಲ ತೆಗೀಬೇಕಿತ್ತು, ಆ ಎರಡು ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ಈಗ ಆಪ್ ಇಲ್ಲ. 18 ಜನ ಕೊನೆಗೌಡರು ನಮ್ಮಲ್ಲಿ ವರ್ಷದ ಸಂಬಳಕ್ಕಿದ್ದಾರೆ, ಎಲ್ಲರಿಗೂ ಅಪಘಾತ ವಿಮೆ, ಕಾರ್ಬನ್ ಫೈಬರಿನ ಉದ್ದ ಕೋಲು, ಅಂದ್ರೆ ದೋಟಿ ತಂದಿದೀವಿ, ನೆಲದ ಮೇಲೆ ನಿಂತೇ ಹೊಡೀಬಹುದು, ಮರ ಹತ್ತೋದು ಗೊತ್ತಿಲ್ಲದ ಹುಡುಗ್ರೂ ಕಲೀತಿದಾರೆ. ಅಂದ್ರೆ ಕೆಲಸದವರ ಸಂಖ್ಯೆನೇ ಹೆಚ್ಚಾಯ್ತು, ಆಪಿಂದ ಆಗದೇ ಇದ್ದಿದ್ದು ಇದು. ತೋಟದವರು ಎಕರೆ ಲೆಕ್ಕದಲ್ಲಿ ವರ್ಷದ ಅರ್ಧ ದುಡ್ಡು ಮಾರ್ಚಲ್ಲೇ ಕೊಡ್ತಾರೆ, ನಮ್ಮ ಬಂಡವಾಳ ಅದೇ. ಇದೇನೂ ಹೊಸದಲ್ಲ, ನಮ್ಮ ಊರಿನ ಟಿಎಸ್ಎಸ್ (ತೋಟಗಾರ್ಸ್ ಸಹಕಾರಿ ಮಾರಾಟ ಸಂಘ) 1923ರಲ್ಲೇ ಬೆಳೆಗಾರರೇ ಸೇರಿ ಕಟ್ಟಿದ ಸಂಘ, ಅಡಿಕೆ ಹಾಕೋರೇ ಅದರ ಷೇರುದಾರರು. ಸಾಫ್ಟ್‌ವೇರಿನ ಜೋಹೋ, ಷೇರು ವ್ಯವಹಾರದ ಜೆರೋಧಾ ಹೊರಗಿನ ಇನ್ವೆಸ್ಟರ್ ದುಡ್ಡಿಲ್ಲದೆ ಬೆಳೆದ ಕತೆ ನಾವು ಬಾಯಿಪಾಠ ಮಾಡಿದ್ವಿ, ಬಸ್‌ಸ್ಟ್ಯಾಂಡಿಂದ ನಡ್ಕೊಂಡು ಹೋಗೋ ದೂರದಲ್ಲಿರೋ ಟಿಎಸ್ಎಸ್ ಕತೆ ಕೇಳೋಕೆ ಹೋಗಿರಲಿಲ್ಲ.

ಮೊನ್ನೆ ಫೋನ್ ಮಾಡಿದ ಹುಡುಗ ಜೇನು ಪೆಟ್ಟಿಗೆಗೆ ಸೆನ್ಸರ್ ಮಾಡ್ತಿದಾನಂತೆ. ಡೆಕ್ ಕಳಿಸ್ಲಾ ಅಂತ ಕೇಳ್ದ. ಬೇಡ, ಜೇನಿಗೆ ಸುಗ್ಗಿ ವರ್ಷಕ್ಕೆ ಎಷ್ಟು ಸಲ ಬರತ್ತೆ, ನಿನ್ನ ದುಡ್ಡಲ್ಲಿ ಎಷ್ಟು ಸುಗ್ಗಿ ಇದೆ, ಅದನ್ನ ಬರ್ಕೊಂಡು ಮನೆಗೆ ಬಾ ಅಂದೆ. ಭಾನುವಾರ ಬರ್ತೀನಿ ಅಂದಿದಾನೆ.