ಹಾರ್ಡ್ ಡಿಸ್ಕ್ ಯಾರು ಮುಟ್ಟುತ್ತಿದ್ದಾರೆ: ಹುಡುಕಾಟ ಇಲ್ಲಿಗೆ ಬಂತು

ಏಪ್ರಿಲ್ ಮೊದಲ ವಾರ

ಕಲಬುರಗಿಯ ಬಿಸಿಲು ಜೋರಾಗಿದೆ. ಮನೆಯ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಎಸ್‌ಎಸ್‌ಡಿ ಮೇಲಿದೆ, ಅಂದರೆ ತಿರುಗುವ ಭಾಗಗಳಿಲ್ಲದ ಡಿಸ್ಕ್ ಮೇಲೆ. ಫೋಟೊಗಳು, ಶರಣಬಸವೇಶ್ವರ ಜಾತ್ರೆಯ ವಿಡಿಯೊಗಳು, ಮದುವೆ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಫೈಲ್‌ಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿವೆ. ಇವು ಹೋದರೆ ಮತ್ತೆ ಸಿಗುವಂಥವಲ್ಲ. ಅದಕ್ಕೇ ಕೆಲಸವಿಲ್ಲದಾಗ ಡಿಸ್ಕ್ ತಿರುಗುವುದು ನಿಲ್ಲಲಿ ಅಂತ, ಡಿಸ್ಕ್ ಸೆಟ್ಟಿಂಗ್ ಬದಲಿಸುವ ಎಚ್‌ಡಿಪಾರ್ಮ್ ಕಮಾಂಡ್‌ನಲ್ಲಿ 240 ಕೊಟ್ಟಿದ್ದೇನೆ. ಒಂದಕ್ಕೆ 5 ಸೆಕೆಂಡ್ ಲೆಕ್ಕ, ಅಂದರೆ 20 ನಿಮಿಷ ಸುಮ್ನಿದ್ದರೆ ನಿಲ್ಲಬೇಕು. ನಿಲ್ಲುತ್ತಿಲ್ಲ. ಮಧ್ಯಾಹ್ನ ಡಿಸ್ಕ್‌ನ ಆರೋಗ್ಯ ಹೇಳುವ ಸ್ಮಾರ್ಟ್‌ಸಿಟಿಎಲ್ 52 ಡಿಗ್ರಿ ಬಿಸಿ ತೋರಿಸಿತು. ಅವ್ವನೂ ಕೇಳಿದಳು, "ರಾತ್ರಿ ಸುದ್ದಾ ಗರಗರ ಅಂತದಲ್ಲ, ಏನದು?"

ಮರುದಿನ

ಮೊದಲು ಐಒಟಾಪ್, ಯಾವ ಪ್ರೋಗ್ರಾಂ ಡಿಸ್ಕ್ ಎಷ್ಟು ಬಳಸುತ್ತಿದೆ ಅಂತ ತೋರಿಸುವ ಸಾಧನ. ಸುಮ್ನೆ ಓಡಿಸಿದರೆ ಸಾಲುಗಳು ಓಡಿಹೋಗುತ್ತವೆ, ಏನೂ ತಿಳಿಯುವುದಿಲ್ಲ. ಡಿಸ್ಕ್ ಬಳಸುವವರನ್ನು ಮಾತ್ರ ತೋರಿಸು, ಮೊತ್ತ ಕೂಡಿಸುತ್ತ ಹೋಗು ಅನ್ನುವ ಆಯ್ಕೆಗಳನ್ನು ಕೊಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಮೇಲೆ ಕೂತಿದ್ದದ್ದು ಜೆಬಿಡಿ2.

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ ಅನ್ನಿಸುತ್ತದೆ. ಜೆಬಿಡಿ2 ಕಳ್ಳ ಅಲ್ಲ, ಊರಿನ ಪತ್ರ ಹಂಚುವ ಪೋಸ್ಟ್‌ಮ್ಯಾನ್. ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್‌ಟಿ4 ಫೈಲ್ ಸಿಸ್ಟಂನ ಜರ್ನಲ್ (ಬದಲಾವಣೆಗಳ ದಾಖಲೆ) ಬರೆಯುವ, ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕೆಲಸಗಾರ ಅದು. ಯಾರೋ ಏನೋ ಬದಲಾಯಿಸಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಡಿಸ್ಕ್‌ಗೆ ಬರೆಯುತ್ತದೆ. ಆ ಯಾರೋ ಯಾರು ಅನ್ನುವುದೇ ಪ್ರಶ್ನೆ.

ಎರಡು ದಿನ ಬಿಟ್ಟು

ಫ್ಯಾಟ್ರೇಸ್ ಹಾಕಿಕೊಂಡೆ. ನನ್ನ ಮಟ್ಟಿಗೆ ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಿತು ಅಂತ ಒಂದೊಂದು ಸಾಲು ಹೇಳುತ್ತದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿಯೇ ಓಡಿಸಬೇಕು. ಡಿಸ್ಕ್‌ನ ಫೋಲ್ಡರ್ ಒಳಗೆ ನಿಂತು ಸಿ ಆಯ್ಕೆ ಕೊಟ್ಟರೆ ಆ ಡಿಸ್ಕ್‌ನ ಸುದ್ದಿ ಮಾತ್ರ ಬರುತ್ತದೆ.

ಒಂದು ನಿಮಿಷವೂ ಆಗಲಿಲ್ಲ, ಸಾಲುಗಳು ಸುರಿದವು. ಎಡಗಡೆ "ಟ್ರ್ಯಾಕರ್-ಮೈನರ್-ಎಫ್", ಆವರಣದಲ್ಲಿ ಅದರ ನಂಬರ್, ಆಮೇಲೆ ಆರ್ ಅಥವಾ ಒ, ಕೊನೆಗೆ ಜಾತ್ರೆ ಫೋಲ್ಡರ್‌ನ ದಾರಿ. ಆರ್ ಅಂದರೆ ಓದಿತು, ಒ ಅಂದರೆ ತೆರೆಯಿತು. ಹೆಸರಿನ ಬಾಲ ತುಂಡಾಗಿದೆ, ಯಾಕಂದರೆ ಕರ್ನಲ್ ಅಲ್ಲಿ 15 ಅಕ್ಷರ ಮಾತ್ರ ಇಟ್ಟುಕೊಳ್ಳುತ್ತದೆ. ಇದು ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಹುಡುಕಾಟಕ್ಕೆ ಪಟ್ಟಿ ಮಾಡುವ ಪ್ರೋಗ್ರಾಂ. ಪಿಕ್ಚರ್ಸ್, ವಿಡಿಯೋಸ್ ಫೋಲ್ಡರ್‌ಗಳು ಇದೇ ಡಿಸ್ಕ್‌ನಲ್ಲಿವೆ, ಮೊಬೈಲ್‌ನಿಂದ ದಿನಾ ಹೊಸ ಫೋಟೊ ಬಂದು ಬೀಳುತ್ತವೆ. ಅದು ತನ್ನ ಕೆಲಸ ಮಾಡುತ್ತಿದೆ ಅಷ್ಟೇ.

ಓದಿದರೆ ಬರೆಯುವುದು ಯಾಕೆ ಅಂತ ಕೇಳಬಹುದು ಅಲ್ವಾ? ಫೈಲ್ ಕೊನೆಯ ಸಲ ಯಾವಾಗ ಓದಿದರು ಅನ್ನುವ ಸಮಯವೂ ಡಿಸ್ಕ್‌ನಲ್ಲೇ ದಾಖಲಾಗುತ್ತದೆ. 2009ರಿಂದ ಲಿನಕ್ಸ್‌ನಲ್ಲಿ ಈ ಬರೆಯುವಿಕೆ ಕಡಿಮೆ ಮಾಡುವ ರಿಲಟೈಮ್ ಆಯ್ಕೆ ತಾನಾಗೇ ಇರುವುದರಿಂದ ಪ್ರತಿ ಸಲ ಬರೆಯುವುದಿಲ್ಲ. ಆದರೆ ಹಳೆಯ ದಾಖಲೆಗೆ 24 ಗಂಟೆ ದಾಟಿದ್ದರೆ ಬರೆಯುತ್ತದೆ. ಜೆಬಿಡಿ2 ಹೊತ್ತು ತಂದದ್ದರಲ್ಲಿ ಇದೂ ಇತ್ತು.

ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ಆ ಎರಡು ಫೋಲ್ಡರ್ ತೆಗೆದೆ. ಡಿಸ್ಕ್‌ಗಳನ್ನು ಹೇಗೆ ಜೋಡಿಸಬೇಕು ಅಂತ ಹೇಳುವ ಎಫ್‌ಸ್ಟ್ಯಾಬ್ ಫೈಲ್‌ನಲ್ಲಿ ಎರಡೂ ಡಿಸ್ಕ್‌ಗೆ, ಓದಿದ ಸಮಯ ಬರೆಯಲೇಬೇಡ ಅನ್ನುವ ನೋಅಟೈಮ್ ಸೇರಿಸಿದೆ.

ಈ ವಾರ

ಎರಡನೇ ಡಿಸ್ಕ್‌ನಲ್ಲಿ ಟ್ರಾನ್ಸ್‌ಮಿಷನ್ ಅನ್ನುವ ಟೊರೆಂಟ್ ಪ್ರೋಗ್ರಾಂ ಸಿಕ್ಕಿತು. ಲಿನಕ್ಸ್ ಐಎಸ್‌ಒಗಳನ್ನು (ಇನ್‌ಸ್ಟಾಲ್ ಮಾಡುವ ಫೈಲ್‌ಗಳು) ಸೀಡ್ ಮಾಡುತ್ತೇನೆ, ಅಂದರೆ ಬೇರೆಯವರಿಗೆ ಹಂಚುತ್ತೇನೆ, ಯಾರಾದರೂ ಕೇಳಿದಾಗಲೆಲ್ಲ ಡಿಸ್ಕ್ ಏಳುತ್ತದೆ. ನಿಲ್ಲಿಸಲು ಮನಸ್ಸಿಲ್ಲ, ಎಸ್‌ಎಸ್‌ಡಿಗೆ ಸಾಗಿಸಿದೆ. ಡಿಸ್ಕ್‌ನ ಆರೋಗ್ಯ ಹಿನ್ನೆಲೆಯಲ್ಲಿ ನೋಡಿಕೊಳ್ಳುವ ಸ್ಮಾರ್ಟ್‌ಡಿ ಮಾತ್ರ ಫ್ಯಾಟ್ರೇಸ್‌ಗೆ ಸಿಗಲಿಲ್ಲ. ಅದು ಡಿಸ್ಕ್‌ನಲ್ಲಿರುವ ಫೈಲ್ ಮುಟ್ಟುವುದಿಲ್ಲ, 30 ನಿಮಿಷಕ್ಕೊಮ್ಮೆ ನೇರ ಡಿಸ್ಕ್‌ನ್ನೇ ವಿಚಾರಿಸುತ್ತದೆ. ಮಲಗಿದ್ದರೆ ಎಬ್ಬಿಸಬೇಡ ಅನ್ನುವ ಸ್ಟ್ಯಾಂಡ್‌ಬೈ ಆಯ್ಕೆ ಹಾಕಿದೆ.

ವಿಂಡೋಸ್ ಇದ್ದವರಿಗೆ ರಿಸೋರ್ಸ್ ಮಾನಿಟರ್‌ನ ಡಿಸ್ಕ್ ಟ್ಯಾಬ್ ಹೆಚ್ಚುಕಡಿಮೆ ಇದನ್ನೇ ತೋರಿಸುತ್ತದೆ.

ಈಗ ಮೊದಲ ಡಿಸ್ಕ್ ಮಧ್ಯಾಹ್ನ ಸ್ಟ್ಯಾಂಡ್‌ಬೈಗೆ ಹೋಗುತ್ತಿದೆ, 43 ಡಿಗ್ರಿಯ ಆಚೆ ಹೋಗಿಲ್ಲ. ಎರಡನೆಯದು ಬೆಳಗಿನ ಜಾವ ಒಮ್ಮೆ ಏಳುತ್ತಿದೆ. ಫೈಲ್ ಹೆಸರುಗಳ ಪಟ್ಟಿ ಮಾಡಲು ದಿನಕ್ಕೊಮ್ಮೆ ಓಡುವ ಅಪ್‌ಡೇಟ್‌ಡಿಬಿ ಮೇಲೆ ನನ್ನ ಅನುಮಾನ. ಇವತ್ತು ರಾತ್ರಿಯಿಡೀ ಫ್ಯಾಟ್ರೇಸ್ ಓಡಲಿ, ಸಮಯದ ಜೊತೆ. ಅದರ ಲಾಗ್ ಎಸ್‌ಎಸ್‌ಡಿಗೇ ಹೋಗಬೇಕು, ಅದೇ ಡಿಸ್ಕ್‌ಗೆ ಬರೆದರೆ ಅದೇ ಎಬ್ಬಿಸಿಬಿಡುತ್ತದೆ.